ಆರ್ಗನ್ನಿನ ಮೈಕಟ್ಟು

ನನಗೊಂದು ಚಾಳಿ ಇದೆ, ಒಳ್ಳೆಯದೆಂದು ಈ ತನಕ ಯಾರೂ ಹೇಳಿಲ್ಲ. ಯಾವ ವಸ್ತು ಕಂಡರೂ ಬೆರಳಿನ ಗೆಣ್ಣಿನಿಂದ ಕುಟ್ಟಿ ನೋಡುತ್ತೇನೆ. ಹೋಟೆಲಿನ ಮೇಜು, ಬ್ಯಾಂಕಿನ ಕೌಂಟರು, ನೆಂಟರ ಮನೆಯ ಹೊಸ ಬಾಗಿಲು, ಯಾವುದನ್ನೂ ಬಿಟ್ಟವಳಲ್ಲ. ಮೊನ್ನೆ ಮಣಿಪಾಲದಲ್ಲಿ ಮೊಣಕಾಲು ತೋರಿಸಲು ಹೋಗಿದ್ದಾಗ ಡಾಕ್ಟರು ಪುಟ್ಟ ಸುತ್ತಿಗೆಯಿಂದ ನನ್ನ ಮೊಣಕಾಲನ್ನು ಕುಟ್ಟುತ್ತಿದ್ದರು, ನಾನು ಅವರ ಮೇಜನ್ನು ಕುಟ್ಟುತ್ತಿದ್ದೆ. ಅವರಿಗೆ ನನ್ನ ವಿಷಯ ಏನು ತಿಳಿಯಿತೋ ಗೊತ್ತಿಲ್ಲ. ಅವರ ಮೇಜು ಮರದ ಹುಡಿಯನ್ನು ಒತ್ತಿ ಮಾಡಿದ್ದು, ಮೇಲೆ ತೇಗದ ಬಣ್ಣದ ಕಾಗದ ಅಂಟಿಸಿದ್ದು ಎಂದು ನನಗಂತೂ ತಿಳಿಯಿತು.

ಇದು ಅಮ್ಮನಿಂದ ಬಂದ ಬಳುವಳಿ. ಕಾಪುವಿನ ನಮ್ಮ ಮನೆಗೆ ಮಡಕೆ ಮಾರಲು ಬರುತ್ತಿದ್ದ ಹೆಂಗಸು, ಅಮ್ಮ ಜಗಲಿಯಲ್ಲಿ ಕೂತದ್ದು ಕಂಡರೆ ಬುಟ್ಟಿ ಇಳಿಸಲು ಹಿಂದೆಮುಂದೆ ನೋಡುತ್ತಿದ್ದಳು. ಅಮ್ಮ ಒಂದೊಂದೇ ಮಡಕೆಯನ್ನು ಕಿವಿಯ ಹತ್ತಿರ ಹಿಡಿದು ಕುಟ್ಟಿ, "ಇದು ಬೇಡ, ಇದಕ್ಕೆ ಶೀತ ಆಗಿದೆ" ಎಂದು ಬದಿಗಿಡುತ್ತಿದ್ದಳು. ತೆಂಗಿನಕಾಯಿ, ಹಲಸಿನಕಾಯಿ, ಹೊಸ ದೋಸೆ ಕಾವಲಿ, ಎಲ್ಲಕ್ಕೂ ಅದೇ ಪರೀಕ್ಷೆ. ಸಮುದ್ರದ ಗಾಳಿಗೆ ಆ ಊರಿನಲ್ಲಿ ಕಬ್ಬಿಣ ಬಾಳುವುದಿಲ್ಲ. ಕಿಟಕಿಯ ಸರಳು, ಬಾವಿಯ ರಾಟೆ, ಅಪ್ಪನ ರೇಡಿಯೋದೊಳಗಿನ ತಂತಿ, ಎಲ್ಲವನ್ನೂ ಉಪ್ಪು ತಿಂದು ಮುಗಿಸುತ್ತಿತ್ತು. ಅಂಥ ಕಡೆ ಬೆಳೆದವರಿಗೆ ಯಾವ ವಸ್ತುವಾದರೂ ತುಂಬ ಹೊಳೆದರೆ ಮೊದಲು ಬರುವುದು ಸಂಶಯ.

ಈ ಚಾಳಿಯಿಂದ ನನ್ನ ಮದುವೆಯೇ ತಪ್ಪಬೇಕಿತ್ತು. ಹುಡುಗನ ಮನೆ ನೋಡಲು ಹಿರಿಯರ ಜತೆ ನಾನೂ ಉಡುಪಿಯ ಕಡಿಯಾಳಿಗೆ ಬಂದಿದ್ದೆ. ಹುಡುಗಿ ಬರುವುದೇ ಆಗ ಒಂದು ಅಧಿಕಪ್ರಸಂಗ. ಬಂದವಳು ಸುಮ್ಮನೆ ಕೂತೆನೇ? ಪಕ್ಕದಲ್ಲಿದ್ದ ದೊಡ್ಡ ಕಪಾಟನ್ನು ಮೆಲ್ಲ ಕುಟ್ಟಿದೆ.

"ಎಂತ, ಒಳಗೆ ಯಾರಾದರೂ ಇದ್ದಾರಾ ಅಂತ ನೋಡುವುದಾ?" ಎಂದು ಹುಡುಗನ ತಾಯಿ ಕೇಳಿದರು.

"ಅಲ್ಲ, ಎದುರು ಹಲಸು, ಹಿಂದಿನ ಹಲಗೆ ಮಾವಿನದ್ದು ಅಂತ ಕಾಣ್ತದೆ" ಎಂದೆ.

ಅಪ್ಪ ನನ್ನ ಕಾಲು ತುಳಿದರು. ತುಳಿಯುವ ಹೊತ್ತಿಗೆ ಮಾತು ಹೊರಗೆ ಬಂದಾಗಿತ್ತು. ಅದು ಹೇಗೋ ಮದುವೆಯಾಯಿತು. ಆದ ಮೇಲೆ ಎರಡನೇ ಮಳೆಗಾಲಕ್ಕೆ ಆ ಕಪಾಟಿನ ಬೆನ್ನಿಗೆ ಗೆದ್ದಲು ಹತ್ತಿ, ಅತ್ತೆಯ ಧಾರೆ ಸೀರೆ ಜರಡಿಯಾಯಿತು. ಅಂದಿನಿಂದ ಅತ್ತೆ ಸ್ಟೀಲಿನ ಲೋಟ ಕೊಳ್ಳುವುದಿದ್ದರೂ "ಶಾಂತಾ, ಒಮ್ಮೆ ಕುಟ್ಟಿ ನೋಡು ಮಾರಾಯ್ತಿ" ಎನ್ನುತ್ತಾರೆ. ಅವರಿಗೀಗ ಎಂಬತ್ತು ದಾಟಿದೆ. ನನ್ನನ್ನು ಬೈಯುವ ದನಿ ಮಾತ್ರ ಇನ್ನೂ ಹಲಸಿನ ಮರದ್ದೇ.

ನಮ್ಮವರದ್ದು ಮನೆಯ ಮುಂಭಾಗದಲ್ಲೇ ರೇಡಿಯೋ ರಿಪೇರಿ ಅಂಗಡಿ. ಕಾಫಿ ಕೊಡಲು ಹೋಗುತ್ತಿದ್ದವಳು ಅಲ್ಲೇ ನಿಂತು ನೋಡಿ ನೋಡಿ ಬೆಸುಗೆ ಹಾಕಲು ಕಲಿತೆ. ಈಗ ಅವರಿಗೆ ಬೆನ್ನುನೋವು. ಎದುರಿನ ಕುರ್ಚಿಯಲ್ಲಿ ಕೂತು ಗಿರಾಕಿಗಳ ಜತೆ ರಾಜಕೀಯ ಮಾತಾಡುವ ಖಾತೆ ಅವರದ್ದು, ಸ್ಕ್ರೂಡ್ರೈವರು ನನ್ನದು. ಮಿಕ್ಸಿ, ಭಜನಾ ಮಂಡಳಿಯ ಶ್ರುತಿಪೆಟ್ಟಿಗೆ, ಮಕ್ಕಳ ಕೀಬೋರ್ಡು ಎಲ್ಲ ಬರುತ್ತವೆ. ಉಡುಪಿಯಿಂದ ಕಾರ್ಕಳದವರೆಗೆ ಯಾವ ಇಗರ್ಜಿಯ, ಅಂದರೆ ಚರ್ಚಿನ, ಆರ್ಗನ್ನು ಕೆಟ್ಟರೂ ನನಗೇ ಫೋನು. ನಾನು ನುಡಿಸುವವಳಲ್ಲ. ನನ್ನ ಸಂಗೀತ ಜ್ಞಾನ ಕೇಳಿದರೆ ಆರ್ಗನ್ನು ತಾನೇ ಮುಚ್ಚಿಕೊಂಡೀತು. ನನಗೆ ತಿಳಿದದ್ದು ಅದರ ಮೈಕಟ್ಟು.

ನೋಡದವರಿಗಾಗಿ ಹೇಳುತ್ತೇನೆ. ಇಗರ್ಜಿಯ ಎಲೆಕ್ಟ್ರಾನಿಕ್ ಆರ್ಗನ್ನಿನ ಕನ್ಸೋಲ್ ಎಂದರೆ, ದೊಡ್ಡ ಬರೆಯುವ ಮೇಜಿನ ಮೇಲೆ ಎರಡು ಹಾರ್ಮೋನಿಯಂಗಳನ್ನು ಮೆಟ್ಟಿಲಿನಂತೆ ಕೂರಿಸಿದ ಹಾಗೆ. ಕೆಳಗೆ ಕಾಲಿನಿಂದ ನುಡಿಸುವ ಮರದ ಪಟ್ಟಿಗಳು. ಮೇಲೊಂದು ಸಾಲು ಪುಟ್ಟ ನಾಲಗೆಗಳು. ಒಂದನ್ನು ಒತ್ತಿದರೆ ಕೊಳಲಿನ ದನಿ, ಇನ್ನೊಂದಕ್ಕೆ ತಂತಿಯದ್ದು, ಮತ್ತೊಂದಕ್ಕೆ ತುತ್ತೂರಿಯದ್ದು. ತಿಳಿದವರು ಸ್ಟಾಪ್ ಎನ್ನುತ್ತಾರೆ, ನಾನು ನಾಲಗೆ ಎನ್ನುತ್ತೇನೆ. ಮಾರುವವರು ಎದುರು ನಿಂತು ಇದರಲ್ಲಿ ಎಷ್ಟು ದನಿಗಳಿವೆ ಎಂದು ವರ್ಣಿಸುವಾಗ ನಾನು ಹಿಂದೆ ಹೋಗಿ ನಿಲ್ಲುತ್ತೇನೆ. ಮೇಲೆ ಥಳುಕು ಒಳಗೆ ಹುಳುಕು ಎಂಬುದನ್ನು ನಾನು ಗಾದೆ ಪುಸ್ತಕದಿಂದ ಕಲಿತದ್ದಲ್ಲ. ಕಾರ್ಕಳದ ಕಡೆ ಎರಡೇ ಮಳೆಗಾಲ ಕಂಡ ಒಂದು ಆರ್ಗನ್ನನ್ನು ಸರಿಸಲು ಹೋದಾಗ ಅದರ ಕಾಲು ನನ್ನ ಕೈಗೇ ಬಂದಿತ್ತು, ಒದ್ದೆ ರಸ್ಕಿನ ಹಾಗೆ.

ಈಗ ಲೂಸಿ ಬಾಯಮ್ಮನ ವಿಷಯಕ್ಕೆ ಬರುತ್ತೇನೆ. ನಮ್ಮ ಕಡೆ ಕ್ರೈಸ್ತ ಹೆಂಗಸರನ್ನು ಮರ್ಯಾದೆಗೆ ಬಾಯಮ್ಮ, ಗಂಡಸರನ್ನು ಪೊರ್ಬುಗಳು ಎನ್ನುತ್ತೇವೆ. ಕಲ್ಯಾಣಪುರದ ಕಡೆಯ ಒಂದು ಇಗರ್ಜಿಯಲ್ಲಿ, ನಾನು ಮದುವೆಯಾಗಿ ಈ ಊರಿಗೆ ಬರುವ ಮೊದಲಿನಿಂದಲೂ ಆರ್ಗನ್ ನುಡಿಸುತ್ತಿರುವವರು ಅವರು. ಶಾಲೆಯಲ್ಲಿ ಟೀಚರಾಗಿದ್ದರು. ವರ್ಷಕ್ಕೊಮ್ಮೆ ಆರ್ಗನ್ನಿನ ಧೂಳು ತೆಗೆಯಲು ಹೋಗುತ್ತಿದ್ದ ನನಗೆ ಅವರ ಜತೆ ಗೆಳೆತನ ಬೆಳೆದಿತ್ತು. ಕಳೆದ ವರ್ಷ ಚೌತಿ ಕಳೆದ ಮೇಲೆ ಅವರ ಫೋನು ಬಂತು.

"ಶಾಂತಾ, ನನ್ನ ಆರ್ಗನ್ನನ್ನು ಗುಜರಿಗೆ ಕೊಡ್ತಾರಂತೆ. ನೀನೊಮ್ಮೆ ಬರ್ತೀಯಾ?"

ಹೋದೆ. ಆರ್ಗನ್ನಿನ ಜಾಗದಲ್ಲಿ ಬಿಳಿಯದೊಂದು ಹೊಸತು ಹೊಳೆಯುತ್ತಿತ್ತು. ಇಗರ್ಜಿಯ ಸೆಕ್ರೆಟರಿ ವಿನ್ಸೆಂಟ್ ಪೊರ್ಬುಗಳ ತಮ್ಮ, ತೀರಿಹೋದ ತಾಯಿಯ ನೆನಪಿಗೆಂದು ದುಬೈಯಿಂದ ಕಳಿಸಿದ್ದು. ನಾಲಗೆಗಳೇ ಇಲ್ಲ. ಮೊಬೈಲಿನ ಹಾಗೆ ನುಣ್ಣನೆಯ ಗಾಜು, ಮುಟ್ಟಿದ ಕಡೆ ಬಣ್ಣಬಣ್ಣದ ಬೆಳಕು. ಕಾಲಿಗೆ ವಯರಿನ ತುದಿಯಲ್ಲಿ ಒಂದೇ ಒಂದು ಪೆಡಲು. ಕೈ ಸುಮ್ಮನಿರಲಿಲ್ಲ, ಕುಟ್ಟಿದೆ. ಖಾಲಿ ಬಿಸ್ಕಿಟು ಡಬ್ಬಿಯ ದನಿ ಬಂತು. ಹಳೆಯದು ಹೊರಗೆ ಜಗಲಿಯಲ್ಲಿ ಟಾರ್ಪಾಲು ಹೊದ್ದು ಕೂತಿತ್ತು.

ಬಾಯಮ್ಮ ನನ್ನನ್ನು ಹಿಂದಿನ ಕಟ್ಟೆಗೆ ಕರೆದುಕೊಂಡು ಹೋದರು. ನಡೆಯುವಾಗ ಅವರ ಕೈ ಗೋಡೆಯನ್ನು ಬಿಡಲಿಲ್ಲ.

"ನಿನಗೆ ಮಾತ್ರ ಹೇಳುವುದು, ಯಾರಿಗೂ ಹೇಳಬೇಡ. ನನಗೆ ಕಣ್ಣು ಕಾಣುವುದಿಲ್ಲ. ಬೆಳಕು ಉಂಟಾ ಇಲ್ಲವಾ, ಅಷ್ಟೇ ಗೊತ್ತಾಗುವುದು" ಎಂದರು. "ಪೊರೆ ಆದರೆ ತೆಗೆಸಬಹುದಿತ್ತು. ಇದು ನರವಂತೆ. ಹೋದದ್ದು ಬರುವುದಿಲ್ಲ ಅಂತ ಮಣಿಪಾಲದಲ್ಲಿ ಹೇಳಿ ಆಗಿದೆ."

"ಮತ್ತೆ ಇಷ್ಟು ದಿನ ಹೇಗೆ ನುಡಿಸಿದಿರಿ?"

"ಹಾಡು ತಲೆಯಲ್ಲಿ ಉಂಟು. ಉಳಿದದ್ದಕ್ಕೆ ಕೈ ಉಂಟಲ್ಲ. ನಾಲಗೆ ಒತ್ತಿದರೆ ಟಕ್ ಅಂತ ಬೆರಳಿಗೆ ಹೇಳ್ತದೆ, ನಾನು ಬಿದ್ದೆ ಅಂತ. ಹೊಸತರಲ್ಲಿ ಬೆರಳು ಇಟ್ಟರೆ ಗಾಜು. ಎಲ್ಲಿ ಇಟ್ಟರೂ ಗಾಜು." ಬೆರಳುಗಳನ್ನು ಸೆರಗಿಗೆ ಒರೆಸಿಕೊಂಡು, "ಆರ್ಗನ್ ಹೋದರೆ ನಾನು ಮನೆಯಲ್ಲಿ ಕೂರಬೇಕು ಶಾಂತಾ. ಕಾಣುವುದಿಲ್ಲ ಅಂತ ಗೊತ್ತಾದರೂ ಪಾಪ ಅಂತ ಹೇಳಿ ಕೂರಿಸ್ತಾರೆ. ಎರಡೂ ಒಂದೇ" ಎಂದರು.

ನನಗೆ ಸಿಟ್ಟು ಬಂತು. ಸಿಟ್ಟು ಬಂದರೆ ನಾನು ಹಠ ಹಿಡಿಯುತ್ತೇನೆ. ಹಠ ಹಿಡಿದರೆ ನಮ್ಮವರು ಮಾತಾಡದೆ ಅಂಗಿ ಹಾಕಿಕೊಂಡು ಹೊರಗೆ ಹೋಗುತ್ತಾರೆ, ಅಂಥ ಹಠ. ನೇರ ವಿನ್ಸೆಂಟ್ ಪೊರ್ಬುಗಳ ಎದುರು ನಿಂತು, ಹಳೆಯದನ್ನು ಸರಿಮಾಡಿ ಕೊಡುತ್ತೇನೆ, ಗುಜರಿಗೆ ಕೊಡಬೇಡಿ ಎಂದೆ. ಅವರು ಕೆಟ್ಟವರಲ್ಲ. ಆ ಮಳೆಗಾಲಕ್ಕೆ ಅರ್ಧ ಕೀಗಳು ಮಾತು ನಿಲ್ಲಿಸಿದ್ದ ಆರ್ಗನ್ನನ್ನು ಇಟ್ಟುಕೊಂಡು ಅವರು ತಾನೇ ಏನು ಮಾಡಬೇಕು?

"ಆಯ್ತು ಶಾಂತಕ್ಕ, ದಸರಾ ಕಳೆದ ಭಾನುವಾರಕ್ಕೆ ತಂದು ತೋರಿಸಿ. ಮತ್ತೆ ನೋಡುವ. ಸರಿಯಾಗದಿದ್ದರೆ ಸೋಮವಾರ ಗುಜರಿಯವ ಬರ್ತಾನೆ" ಎಂದರು.

ಟೆಂಪೋದಲ್ಲಿ ಆರ್ಗನ್ನು ಕಡಿಯಾಳಿಗೆ ಬಂತು. ಇಳಿಸಲು ಬಂದವರೆಲ್ಲ ಸೊಂಟ ಹಿಡಿದುಕೊಂಡು ಹೋದರು. ಬಿಚ್ಚಿದೆ. ಒಳಗೆ ಒಂದು ಸಂಸಾರವೇ ಇತ್ತು. ಸ್ಪೀಕರಿನ ಮೂಲೆಯಲ್ಲಿ ಕಣಜದ ಮಣ್ಣಿನ ಗೂಡು, ಹಲ್ಲಿಯ ಮೊಟ್ಟೆ, ಮೇಣದಬತ್ತಿಯ ತುಂಡು, ಬಾಯಮ್ಮ ಪ್ರವಚನದ ಹೊತ್ತಿಗೆ ಗುಟ್ಟಾಗಿ ತಿಂದ ಪೆಪ್ಪರ್‌ಮಿಂಟಿನ ಕಾಗದಗಳು. ಆದರೆ ಚೌಕಟ್ಟು ನೋಡಿದರೆ ಕಣ್ಣಿಗೆ ಒತ್ತಿಕೊಳ್ಳಬೇಕು. ಗಟ್ಟಿ ತೇಗ, ಮೂಲೆಗಳಲ್ಲಿ ಮೊಳೆಯಿಲ್ಲದೆ ಮರಕ್ಕೆ ಮರವೇ ಕಚ್ಚಿ ಕೂತದ್ದು. ಪ್ರತಿ ನಾಲಗೆಗೂ ಹಿತ್ತಾಳೆಯ ಸ್ಪ್ರಿಂಗು. ಯಾರೂ ನೋಡದ ಕಾಲುಪಟ್ಟಿಯ ಅಡಿಗೂ ಒಬ್ಬ ಪುಣ್ಯಾತ್ಮ ಪಾಲಿಶ್ ಹಚ್ಚಿದ್ದ. ಸುಳ್ಳು ಹೇಳಬಾರದು, ಹಿಂದಿನ ಮುಚ್ಚಳ ಬರೀ ರಟ್ಟು. ಅಷ್ಟೆಲ್ಲ ಮಾಡಿದವರಿಗೂ ಬೆನ್ನಿನ ಕಡೆ ಬರುವಾಗ ಜಿಪುಣತನ ಹತ್ತಿದೆ. ನಮ್ಮ ಅತ್ತೆಯ ಕಪಾಟಿನದ್ದೇ ಜಾತಕ.

ಹಗಲಿಡೀ ಅದೇ ಕೆಲಸ. ಕೀಗಳ ಅಡಿಯ ಹಸಿರು ಕಿಲುಬು ಕೆರೆದೆ, ಸತ್ತ ತಂತಿ ತೆಗೆದು ಹೊಸತು ಹಾಕಿದೆ, ರಟ್ಟಿನ ಬೆನ್ನಿಗೆ ಹೆಬ್ಬಲಸಿನ ಹಲಗೆ ಕೂರಿಸಿದೆ. ಮಿಕ್ಸಿ ಕೊಟ್ಟವರು ಬಂದು ಬಂದು ಬೈದು ಹೋದರು. ನವರಾತ್ರಿ ಅರ್ಧ ಕಳೆಯುವಾಗ ಒಂದೊಂದಾಗಿ ಕೀಗಳು ದನಿ ಬಿಡತೊಡಗಿದವು. ಕಡೆಗೆ ಉಳಿದದ್ದು ನಾಲಗೆಗಳ ಮೇಲೆ ಕೂರುವ ಬಿಳಿಯ ಬಿಲ್ಲೆಗಳು. ಕೊಳಲು, ತಂತಿ, ತುತ್ತೂರಿ ಎಂದು ಅವುಗಳ ಮೇಲೆ ಇಂಗ್ಲಿಷಿನಲ್ಲಿ ಸಣ್ಣಗೆ ಬರೆದಿತ್ತು. ಎಲ್ಲ ತೆಗೆದು ಸಾಲಾಗಿ ತಟ್ಟೆಯಲ್ಲಿಟ್ಟು, ಮಹಾನವಮಿಯ ಬೆಳಿಗ್ಗೆ ದೇವಸ್ಥಾನಕ್ಕೆ ಹೋಗಿದ್ದೆ.

ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ, ಅಂದು ಆಯುಧಪೂಜೆ. ಕತ್ತಿ, ಗರಗಸ, ಹೊಲಿಗೆ ಮೆಷಿನು, ಸ್ಕೂಟರು ಎಲ್ಲ ಮಿಂದು ಕುಂಕುಮ ಇಟ್ಟುಕೊಳ್ಳುವ ದಿನ. ಪೂಜೆಗಿಟ್ಟದ್ದನ್ನು ಮರುದಿನ ವಿಜಯದಶಮಿಯ ಮಂಗಳಾರತಿ ಆಗುವವರೆಗೆ ಯಾರೂ ಮುಟ್ಟುವಂತಿಲ್ಲ. ತಿರುಗಿ ಬಂದು ನೋಡುತ್ತೇನೆ, ದೇವರ ಎದುರು ನನ್ನ ಬೆಸುಗೆ ಕಡ್ಡಿ, ಸ್ಕ್ರೂಡ್ರೈವರುಗಳು, ಅವುಗಳ ಪಕ್ಕದಲ್ಲಿ ಬಾಳೆ ಎಲೆಯ ಮೇಲೆ ಬಿಲ್ಲೆಗಳು. ಒಂದೊಂದಕ್ಕೂ ಗಂಧದ ಬೊಟ್ಟು. ಮುತ್ತಿನ ಹಾಗೆ ಹೊಳೆಯುತ್ತಿವೆ. ಬಗ್ಗಿ ನೋಡಿದೆ. ಒಂದರ ಮೇಲೂ ಅಕ್ಷರ ಇಲ್ಲ.

"ಅತ್ತೇ, ಇದಕ್ಕೆ ಎಂತ ಮಾಡಿದ್ದು?"

"ಎಂತ ಮಾಡುವುದು? ಪೂಜೆಗೆ ಇಡುವಾಗ ತೊಳೆಯದೆ ಇಡ್ಲಿಕ್ಕೆ ಆಗ್ತದಾ? ಕಿಲುಬು ಹಿಡಿದ ಹಾಗೆ ಇತ್ತು. ಹುಣಸೆಹುಳಿ, ಬೂದಿ ಹಾಕಿ ತಿಕ್ಕಿದೆ."

ದೀಪ ತಿಕ್ಕುವ ಕೈ ಅದು. ಇಷ್ಟು ವರ್ಷ ಉಪ್ಪು ಗಾಳಿಗೂ ಹೋಗದ ಬಣ್ಣ ಅತ್ತೆಯ ಹುಳಿಗೆ ಹೋಗಿತ್ತು. ನಾನು ನೆಲದ ಮೇಲೆ ಕೂತುಬಿಟ್ಟೆ. ಬಿಲ್ಲೆ ಯಾವುದು ಎಲ್ಲಿ ಕೂತರೂ ಆರ್ಗನ್ನು ನುಡಿಯುತ್ತದೆ, ಅದು ಬೇರೆ ಮಾತು. ಹೆಸರಿಲ್ಲದ ಬೋಳು ಆರ್ಗನ್ನನ್ನು ಸೆಕ್ರೆಟರಿಗೆ ಹೇಗೆ ತೋರಿಸಲಿ? ಇದು ರಿಪೇರಿ ಆದದ್ದಾ, ಕೆಟ್ಟದ್ದಾ ಎಂದು ಕೇಳಿದರೆ? ಅಳು ಬಂತು, ಅತ್ತೆಯ ಎದುರೇ ಅತ್ತೆ. ಅವರು ಪಾಪ, ಬಾಳೆ ಎಲೆಯನ್ನೇ ನೋಡುತ್ತ ನಿಂತಿದ್ದರು.

ಅಷ್ಟರಲ್ಲಿ ಬಾಗಿಲಲ್ಲಿ ರಿಕ್ಷಾ ನಿಂತಿತು. ನವಮಿಯ ಪಾಯಸಕ್ಕೆ ಲೂಸಿ ಬಾಯಮ್ಮ ಪ್ರತಿವರ್ಷ ನಮ್ಮಲ್ಲಿಗೆ ಬರುತ್ತಾರೆ. ನಡೆದದ್ದನ್ನು ಹೇಳಿದೆ. ಅವರು ನಗತೊಡಗಿದರು.

"ಅಕ್ಷರ ಯಾರಿಗೆ ಶಾಂತಾ? ನಾನು ಓದದೆ ಎಷ್ಟು ಕಾಲ ಆಯ್ತು. ಎಲ್ಲಿ, ಕೊಡು ನೋಡುವ."

ನಾನು ಕೈ ಚಾಚಿದೆ. "ನಿನಗೆ ಮುಟ್ಟಲಿಕ್ಕೆ ಇಲ್ಲ, ನಾಳೆಯವರೆಗೆ" ಎಂದು ಅತ್ತೆ ನನ್ನನ್ನು ತಡೆದು, ತಾವೇ ಎಲೆಯನ್ನೆತ್ತಿ ಬಾಯಮ್ಮನ ಮಡಿಲಿಗಿಟ್ಟರು. "ಅವರು ರಿಪೇರಿಯವರಲ್ಲವಲ್ಲ. ಅವರು ಮುಟ್ಟಿದರೆ ಕೆಲಸ ಮಾಡಿದ ಹಾಗೆ ಆಗುವುದಿಲ್ಲ." ಅತ್ತೆಯ ಧರ್ಮಶಾಸ್ತ್ರದಲ್ಲಿ ಕಿಟಕಿಗಳು ಜಾಸ್ತಿ.

ಬಾಯಮ್ಮ ಒಂದು ಬಿಲ್ಲೆಯನ್ನು ಬೆರಳ ತುದಿಯಲ್ಲಿ ತಿರುಗಿಸಿದರು. "ಇದೆಂತ, ಮೇಲೆ ಗಟ್ಟಿ ಬೊಟ್ಟು?"

"ಗಂಧ. ಒಣಗಿದೆ" ಎಂದರು ಅತ್ತೆ.

"ಇದು ಒಳ್ಳೆಯದುಂಟು. ಕೈಗೆ ಸಿಗ್ತದೆ. ಮೊದಲು ನಾನು ಎಡದಿಂದ ಎಣಿಸಿಕೊಂಡು ಬರಬೇಕಿತ್ತು. ಕೊಳಲಿಗೆ ಒಂದು, ತಂತಿಗೆ ಎರಡು ಅಂತ ಬೊಟ್ಟು ಇದ್ದರೆ ಎಣಿಸುವ ಕೆಲಸವೇ ಇಲ್ಲ, ಅಲ್ವಾ?"

ಮರುದಿನ ಮಂಗಳಾರತಿಯ ಗಂಟೆ ನಿಲ್ಲುವ ಮೊದಲೇ ನಾನು ಬಿಲ್ಲೆಗಳನ್ನು ಎತ್ತಿದ್ದೆ. ಪೈಪಿನ ಬಿರುಕಿಗೆ ಕಲಸಿ ಹಚ್ಚುವ ಅಂಟು ತಂದೆ, ಒಣಗಿದರೆ ಕಲ್ಲು. ಆದರೆ ನನ್ನ ಕೈಯಲ್ಲಿ ಬೊಟ್ಟು ಒಂದು ದೊಡ್ಡದು, ಒಂದು ಸೊಟ್ಟ. ಅತ್ತೆ ಸ್ವಲ್ಪ ಹೊತ್ತು ನೋಡಿ, "ಈಚೆ ಕೊಡು" ಎಂದು ಕೂತರು. ಜೀವಮಾನವಿಡೀ ಹೊಸ್ತಿಲಿಗೆ, ತುಳಸಿಕಟ್ಟೆಗೆ, ಮಕ್ಕಳ ಹಣೆಗೆ ಬೊಟ್ಟಿಟ್ಟ ಬೆರಳು ತಪ್ಪಲಿಲ್ಲ.

ಶನಿವಾರ ಆರ್ಗನ್ನು ಇಗರ್ಜಿಯ ಜಗಲಿ ಸೇರಿತು. ಭಾನುವಾರದ ಬಲಿಪೂಜೆಯ ಪ್ರಾರ್ಥನೆ ಮುಗಿದ ಮೇಲೆ ವಿನ್ಸೆಂಟ್ ಪೊರ್ಬುಗಳೂ ಕಮಿಟಿಯ ನಾಲ್ಕಾರು ಜನರೂ ಬಂದು ಸುತ್ತ ನಿಂತರು. ಎಲ್ಲ ಕೀಗಳನ್ನೂ ಒತ್ತಿ ತೋರಿಸಿದೆ. ಮೂಲೆ ತೋರಿಸಿದೆ, ಸ್ಪ್ರಿಂಗು ತೋರಿಸಿದೆ, ಕಾಲುಪಟ್ಟಿಯನ್ನು ಮಗುಚಿ ಅದರ ಅಡಿಯ ಪಾಲಿಶನ್ನೂ ತೋರಿಸಿದೆ. ಕಣ್ಣಿನ ವಿಷಯ ಬಾಯಿ ಬಿಡುವಂತಿರಲಿಲ್ಲ, ಮಾತು ಕೊಟ್ಟಿದ್ದೆ. ಅದೊಂದು ಬಿಟ್ಟು ಉಳಿದದ್ದೆಲ್ಲವನ್ನೂ ಸೀರೆ ಅಂಗಡಿಯವನ ಹಾಗೆ ಬಿಡಿಸಿ ಹರವಿದೆ.

ಪೊರ್ಬುಗಳು ತಾಳ್ಮೆಯಿಂದ ಕೇಳಿದರು. "ಗಟ್ಟಿ ಉಂಟು, ಒಪ್ಪಿದೆ ಶಾಂತಕ್ಕ. ಆದರೆ ಗಟ್ಟಿ ಉಂಟು ಅಂತ ಮಿಕ್ಸಿ ಬಂದ ಮೇಲೆ ಯಾರಾದರೂ ಕಡೆಯುವ ಕಲ್ಲನ್ನು ಅಡುಗೆಮನೆಯ ನಡುವೆ ಇಟ್ಟುಕೊಳ್ತಾರಾ? ನೀವೇ ಹೇಳಿ. ಮತ್ತೆ, ಹೊಸತು ಅಮ್ಮನ ಹೆಸರಿನದ್ದು. ತಮ್ಮನಿಗೆ ನಾನು ಎಂತ ಹೇಳಲಿ?"

ಮಿಕ್ಸಿ ರಿಪೇರಿ ಮಾಡಿ ಊಟ ಮಾಡುವವಳು ನಾನು. ಇದಕ್ಕೆ ಏನು ಉತ್ತರ ಕೊಡುವುದು? ಹಠವೊಂದು ಬಿಟ್ಟು ನನ್ನ ಹತ್ತಿರ ಬೇರೇನೂ ಉಳಿದಿರಲಿಲ್ಲ. ಹಾಗಾಗಿ ಆರ್ಗನ್ನಿಗೆ ಬೆನ್ನು ಕೊಟ್ಟು, ಎರಡೂ ಕೈ ಅದರ ಮೇಲಿಟ್ಟು ನಿಂತೆ. ಎತ್ತುವವರು ನನ್ನನ್ನೂ ಸೇರಿಸಿ ಎತ್ತಲಿ ಎಂದು.

ಆಗ ಕಂಬದ ಪಕ್ಕದಲ್ಲಿದ್ದ ಲೂಸಿ ಬಾಯಮ್ಮ ಮಾತಾಡಿದರು.

"ವಿನ್ಸೆಂಟ್, ನನ್ನ ಕ್ಲಾಸಿನಲ್ಲಿ ನೀನು ಕಿಟಕಿಯ ಹತ್ತಿರ ಕೂರುತ್ತಿದ್ದಿ. ಹೊರಗೆ ನೋಡ್ತೀ ಅಂತ ದಿನಾ ಬೈಯುತ್ತಿದ್ದೆ. ಈಗ ನೀನು ಎಲ್ಲಿ ನಿಂತಿದ್ದಿ ಅಂತ ನನಗೆ ಕಾಣುವುದಿಲ್ಲ. ನೀನು ಮಾತಾಡಿದ್ದರಿಂದ ಗೊತ್ತಾಯ್ತು."

ಪೊರ್ಬುಗಳಿಗೆ ಮೊದಲು ಅರ್ಥವಾಗಲಿಲ್ಲ. ಅವರು ಎರಡು ಹೆಜ್ಜೆ ಮುಂದೆ ಬಂದು ಬಾಯಮ್ಮನ ಮುಖ ನೋಡಿದರು. ಬಾಯಮ್ಮ ಅವರು ಮೊದಲು ನಿಂತಿದ್ದ ಕಡೆಯನ್ನೇ ನೋಡುತ್ತಿದ್ದರು.

"ಯಾವಾಗಿನಿಂದ ಟೀಚರ್?"

"ನಿನ್ನ ಅಮ್ಮನನ್ನು ಮಣ್ಣು ಮಾಡಿದ ದಿನ ನುಡಿಸಿದವಳು ನಾನೇ ಅಲ್ವಾ? ಇದೇ ಆರ್ಗನ್ನು. ಆವತ್ತೇ ಕಾಣುತ್ತಿರಲಿಲ್ಲ. ಎಲ್ಲಿಯಾದರೂ ತಪ್ಪಿತ್ತಾ?"

ಅವರು ನೆಲ ನೋಡಿದರು. ದೊಡ್ಡ ಆಳು, ನೆರೆತ ಮೀಸೆ. "ಇಲ್ಲ ಟೀಚರ್" ಎಂದು ಹೇಳುವಾಗ ಕಿಟಕಿಯ ಹತ್ತಿರ ಕೂತ ಹುಡುಗನದ್ದೇ ದನಿ ಬಂತು.

"ಆ ಗಾಜಿನ ಎದುರು ನಾನು ಕುರುಡಿ ಮಗಾ. ಇದರ ಎದುರು ಅಲ್ಲ. ಅದೂ ಇರಲಿ, ಅಮ್ಮನ ಹೆಸರಿನದ್ದು ಹೋಗುವುದು ಬೇಡ. ಮಕ್ಕಳ ಹಾಡಿಗೆ ಕೊಡು, ನಾನೇ ಕೂತು ಕಲಿಸ್ತೇನೆ. ಇದನ್ನು ನನಗೆ ಬಿಡು."

ಕಮಿಟಿಯವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಪೊರ್ಬುಗಳು ಯಾರನ್ನೂ ಕೇಳಲಿಲ್ಲ. ಕೋಟು ಬಿಚ್ಚಿ ಕಂಬದ ಮೊಳೆಗೆ ಹಾಕಿ, ತೋಳು ಮಡಚಿ, ನನ್ನ ಪಕ್ಕಕ್ಕೆ ಬಂದು ನಿಂತರು.

"ಎಲ್ಲಿ ಹಿಡಿಯಬೇಕು ಹೇಳಿ ಶಾಂತಕ್ಕ."

"ಕೆಳಗಿನ ಚೌಕಟ್ಟಿಗೆ ಕೈ ಕೊಡಿ. ಹಲಗೆಗೆ ಬೇಡ" ಎಂದೆ.

ಉಳಿದವರೂ ಕೈ ಕೊಟ್ಟರು. ಆರ್ಗನ್ನು ಮೇಲೆದ್ದಿತು. ಲೂಸಿ ಬಾಯಮ್ಮ ಗೋಡೆ ಹಿಡಿಯದೆ ಎಲ್ಲರಿಗಿಂತ ಮುಂದೆ ನಡೆದರು. ಇಗರ್ಜಿಯ ಬಾಗಿಲಿನ ಹತ್ತಿರ ಒಮ್ಮೆ ನಿಂತು, ತಿರುಗಿ, "ಇಲ್ಲಿ ಎರಡು ಮೆಟ್ಟಿಲು ಉಂಟು, ನೋಡಿಕೊಂಡು ಬನ್ನಿ" ಎಂದರು.